ಅಂಕಣದ ಮನೆಗೆ ಸಿಮೆಂಟಿನ ಮದ್ದು

ಮಲೆನಾಡಿನಲ್ಲಿ ಹಳೆಯ ಮನೆ ಕೆಡವುವ ಮಾತು ಹೊರಟರೆ ಸಾಕು, ಇಬ್ಬರು ಬರುತ್ತಾರೆ. ಒಬ್ಬರು ಎಂಜಿನಿಯರು. ಅವರು ಗೋಡೆ ತಟ್ಟಿ, ಅಟ್ಟದ ಕಡೆ ಕತ್ತೆತ್ತಿ ನೋಡಿ, ‘ಇದರ ಆಯುಸ್ಸು ಮುಗಿದಿದೆ, ರಿಪೇರಿಗೆ ಹಾಕಿದ ದುಡ್ಡು ದಂಡ’ ಎಂದು ಹೇಳಿ ಹೋಗುತ್ತಾರೆ. ಇನ್ನೊಬ್ಬರು ಹಳೆ ಮರದ ವ್ಯಾಪಾರಿ. ಅವರು ಅದೇ ಕಂಬವನ್ನು ಉಗುರಿನಿಂದ ಕೆರೆದು, ಅದೇ ತೊಲೆಗೆ ಟೇಪು ಹಿಡಿದು, ಮುಂಗಡ ಕೊಟ್ಟು ಹೋಗುತ್ತಾರೆ. ಆ ಕಂಬ ತೊಲೆಗಳು ಲಾರಿ ಹತ್ತಿ ಮಟ್ಟಾಂಚೇರಿ, ಕಾರೈಕುಡಿಯಂಥ ಹಳೆ ಸಾಮಾನಿನ ಪೇಟೆಗೋ, ನೇರವಾಗಿ ಯಾವುದಾದರೂ ರೆಸಾರ್ಟಿನ ಹಜಾರಕ್ಕೋ ಸೇರುತ್ತವೆ. ಅಲ್ಲಿ ಎಣ್ಣೆ ಉಜ್ಜಿಸಿಕೊಂಡು ಮತ್ತೆ ಭಾರ ಹೊರುತ್ತವೆ. ಸತ್ತ ಮರಕ್ಕೆ ಯಾರೂ ಮುಂಗಡ ಕೊಡುವುದಿಲ್ಲ. ಆಯುಸ್ಸು ಮುಗಿದಿದೆ ಎಂಬ ತೀರ್ಪು ಸುಳ್ಳು ಎನ್ನುವುದಕ್ಕೆ ಆ ಲಾರಿಯೇ ಸಾಕ್ಷಿ. ಆದರೂ ನಾವು ನಂಬುವುದು ತೀರ್ಪನ್ನು.

ಈಗ ಊರೂರಿನಲ್ಲಿ ಬೇರೂರಿರುವ ಅಭಿಪ್ರಾಯಕ್ಕೆ ಎರಡು ಮುಖಗಳಿವೆ. ಮೊದಲನೆಯದು, ಮಣ್ಣು ಮರದ ಮನೆ ಮುಗಿಯದ ಖರ್ಚು, ಕೆಡವಿ ಆರ್‌ಸಿಸಿ ಹಾಕಿಸಿದರೆ ಮೊಮ್ಮಕ್ಕಳ ಕಾಲದವರೆಗೂ ಚಿಂತೆಯಿಲ್ಲ ಎನ್ನುವುದು. ಎರಡನೆಯದು ಇನ್ನೂ ಅಪಾಯಕಾರಿ, ಏಕೆಂದರೆ ಅದು ಪ್ರೀತಿಯ ವೇಷದಲ್ಲಿ ಬರುತ್ತದೆ: ಹಿರಿಯರ ಮನೆ ಉಳಿಸಬೇಕು ಎಂದಾದರೆ ಸಿಮೆಂಟು ಬಳಿದು, ನೆಲಕ್ಕೆ ಟೈಲ್ಸ್ ಹಾಕಿ, ಹಿಂದಕ್ಕೆ ಒಂದು ಸ್ಲ್ಯಾಬ್ ಇಳಿಸಿ ‘ಗಟ್ಟಿ ಮಾಡೋಣ’ ಎನ್ನುವುದು. ಮೊದಲನೆಯವರು ಒಂದೇ ದಿನದಲ್ಲಿ ಜೆಸಿಬಿಯಿಂದ ಮನೆ ಮುಗಿಸುತ್ತಾರೆ. ಎರಡನೆಯವರು ಅದನ್ನು ಹತ್ತಿಪ್ಪತ್ತು ವರ್ಷ ಒಳಗೊಳಗೇ ಕೊಳೆಸಿ, ಕೊನೆಗೆ ಮೊದಲನೆಯವರ ಕೈಗೆ ಒಪ್ಪಿಸುತ್ತಾರೆ. ಈ ಎರಡೂ ಮಾತು ತಪ್ಪು ಎಂದೇ ನನ್ನ ವಾದ. ನಮ್ಮ ಹಳೆಯ ಮನೆಗಳಲ್ಲಿ ಬಹುಪಾಲು ವಯಸ್ಸಿನಿಂದ ಸಾಯುತ್ತಿಲ್ಲ, ನಾವು ಮಾಡಿದ ರಿಪೇರಿಯಿಂದ ಸಾಯುತ್ತಿವೆ.

ಇದು ದೊಡ್ಡ ತೊಟ್ಟಿಮನೆಗಳ ಮಾತಷ್ಟೇ ಅಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಡೆ ಮೂರಂಕಣದ, ಐದಂಕಣದ ಸಣ್ಣ ಮನೆಗಳು ಇವತ್ತಿಗೂ ಸಾಕಷ್ಟಿವೆ. ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. ಮುಂದೆ ಜಗುಲಿ, ಒಳಗೆ ನಡುಮನೆ, ಹಿಂದೆ ಅಡಿಗೆಮನೆ, ಪಕ್ಕದಲ್ಲಿ ಬಚ್ಚಲು, ಮೇಲೆ ಅಟ್ಟ. ಯಾವ ಪ್ರವಾಸಿಯೂ ಇವುಗಳ ಫೋಟೋ ತೆಗೆಯುವುದಿಲ್ಲ. ಕುಪ್ಪಳಿಯ ಕವಿಮನೆಗೆ ಹೋಗಿ ಅಲ್ಲಿನ ಕಂಬಗಳನ್ನು ತಡವಿ, ಮಕ್ಕಳಿಗೆ ಮುಚ್ಚಿಗೆ ತೋರಿಸಿ, ‘ಆಗಿನವರ ಕೆಲಸ ನೋಡು’ ಎಂದು ಮೆಚ್ಚಿ ಬರುವವರೇ ಊರಿಗೆ ವಾಪಸಾಗಿ ತಮ್ಮ ಐದಂಕಣದ ಮನೆಗೆ ಗುತ್ತಿಗೆದಾರನನ್ನು ಕರೆಸುತ್ತಾರೆ. ಕವಿಯ ಮನೆಯ ಕಂಬಕ್ಕೂ ತಮ್ಮ ಮನೆಯ ಕಂಬಕ್ಕೂ ಒಂದೇ ಕಾಡು, ಒಂದೇ ಬಾಚಿ, ಒಂದೇ ಕೈಕಸುಬು ಎಂಬುದು ಅವರಿಗೆ ಹೊಳೆಯುವುದಿಲ್ಲ.

ಈ ಮನೆ ನಿಂತಿರುವುದು ಹೇಗೆ ಎಂದು ಮೊದಲು ನೋಡಬೇಕು. ಕೆಳಗೆ ಕಲ್ಲಿನ ಪಂಚಾಂಗ. ಅದರ ಮೇಲೆ ಕಂಬಕ್ಕೊಂದು ಕಲ್ಲು, ಕಲ್ಲಿನ ಮೇಲೆ ಹಲಸಿನದೋ ಹೊನ್ನೆಯದೋ ಮತ್ತಿಯದೋ ಕಂಬ. ಕಂಬ ಎಲ್ಲಿಯೂ ಮಣ್ಣಿಗೆ ನೇರ ತಾಗುವುದಿಲ್ಲ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಆಮೇಲೆ ಪಕಾಸು, ರೀಪು, ಹಂಚು. ಒಂದರ ತುದಿಯ ನಾಲಗೆ ಇನ್ನೊಂದರ ತೂತಿಗೆ ಕೂತಿರುತ್ತದೆ, ಮರದ ಬೆಣೆ ಅದನ್ನು ಹಿಡಿದಿರುತ್ತದೆ. ಗೋಡೆ ಒಂದೂವರೆ ಎರಡು ಅಡಿ ದಪ್ಪದ ಮಣ್ಣು. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿ, ಬಗ್ಗಿ ಒಳಗೆ ಹೋಗುವಷ್ಟು ಕೆಳಗಿಳಿದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರಾಗಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಯ ಸೀಮೆಯಲ್ಲಿ ಮಣ್ಣು ಮತ್ತು ಮರದಿಂದ ಕಟ್ಟಿದವರಿಗೆ ನೀರನ್ನು ಪೂರಾ ತಡೆಯುವುದು ಅಸಾಧ್ಯ ಎಂಬುದು ಗೊತ್ತಿತ್ತು. ಅದಕ್ಕೇ ಅವರು ನೀರು ಬಂದರೆ ಹೋಗಲಿ ಎಂದು ಕಟ್ಟಿದರು. ಗೋಡೆ ಆಷಾಢದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಮೇಲೆ ಬಳಿದ ಕೆಮ್ಮಣ್ಣು, ಸೆಗಣಿ, ಸುಣ್ಣ ಯಾವುದೂ ಆ ತೇವದ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಒಲೆಯ ಬಿಸಿ ಅಟ್ಟಕ್ಕೇರಿ ಹಂಚಿನ ಸಂದುಗಳಿಂದ ಹೊರಗೆ ಹೋಗುತ್ತದೆ, ಹೋಗುತ್ತಾ ಪಕಾಸುಗಳನ್ನು ಒಣಗಿಸುತ್ತದೆ.

ಈ ಮನೆಗೆ ಸಿಮೆಂಟು ಬಳಿದಾಗ ಏನಾಗುತ್ತದೆ? ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಟೈಲ್ಸ್ ಹಾಕಿದ ನೆಲದಿಂದಲೂ ಅದು ಆವಿಯಾಗಲಾರದು, ಹಾಗಾಗಿ ಎಲ್ಲ ಗೋಡೆಗೇ ತಿರುಗುತ್ತದೆ, ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಸಿಮೆಂಟು ಬಿಗಿ, ಮಣ್ಣು ಮೆದು. ಎರಡೂ ಒಂದೇ ರೀತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮೊದಲ ಬೇಸಿಗೆಗೇ ಕೂದಲೆಳೆಯ ಬಿರುಕು ಬೀಳುತ್ತದೆ. ಮಳೆಗಾಲದಲ್ಲಿ ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಸಿ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತದೆ ಎಂದು ನಮ್ಮ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಬೆಳೆಗಾರ ತನ್ನ ಮನೆಗೆ ಅದನ್ನೇ ಮಾಡುತ್ತಾನೆ, ಲಕ್ಷಗಟ್ಟಲೆ ಖರ್ಚು ಮಾಡಿ. ಮರದೊಳಗಿನ ತೇವ ಶೇಕಡಾ 20ರ ಕೆಳಗಿದ್ದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಲು ಆಗುವುದಿಲ್ಲ. ಒರಲೆಗೂ ತಂಪು ಬೇಕು, ಕತ್ತಲೆ ಬೇಕು. ಈ ಮೂರನ್ನೂ, ತೇವ, ತಂಪು, ಕತ್ತಲೆ, ಸಿಮೆಂಟಿನ ಗಿಲಾವು ಒಟ್ಟಿಗೇ ಒದಗಿಸಿಕೊಡುತ್ತದೆ.

ಸಾಗರದ ಕಡೆಯ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ನಡುಮನೆಯ ಹಲಸಿನ ಕಂಬ. ಹೊಸ ಟೈಲ್ಸಿಗೆ ಚೆಂದ ಕಾಣಲೆಂದು ಕಂಬದ ಬುಡಕ್ಕೆ ಸುತ್ತಲೂ ಅರ್ಧ ಅಡಿ ಎತ್ತರ ಸಿಮೆಂಟು ಕಟ್ಟಿದ್ದರು, ಮೇಲೆ ಬಣ್ಣ ಹೊಡೆದಿದ್ದರು. ಆಚಾರಿ ಆ ಸಿಮೆಂಟನ್ನು ಒಡೆದು ತೆಗೆದು ಕಂಬದ ಬುಡಕ್ಕೆ ಉಳಿ ಇಟ್ಟರೆ ಸುತ್ತಿಗೆಯೇ ಬೇಕಾಗಲಿಲ್ಲ. ಉಳಿ ತಾನಾಗಿ ಒಳಗೆ ಹೋಯಿತು. ಕೈಗೆ ಬಂದದ್ದು ಕಪ್ಪು ಹಸಿ ಪುಡಿ, ಹಿಂಡಿದರೆ ನೀರು ಬರುವಂಥದ್ದು. ಅದೇ ಕಂಬಕ್ಕೆ ಒಂದೂವರೆ ಅಡಿ ಮೇಲೆ ಉಳಿ ಇಟ್ಟು ಹೊಡೆದಾಗ ಉಳಿ ಪುಟಿದು ವಾಪಸು ಬಂತು. ಹಳದಿ ತಿರುಗಿದ ಚೇಗು, ಒಣಗಿ ಕಲ್ಲಾಗಿತ್ತು. ನೂರು ವರ್ಷಕ್ಕೂ ಹಿಂದಿನ ಕಂಬ ಅದು. ಅಷ್ಟು ಕಾಲ ಅದಕ್ಕೆ ಏನೂ ಆಗಿರಲಿಲ್ಲ. ಸಿಮೆಂಟು ಕಟ್ಟಿದ ಮೇಲೆ ಹದಿನೈದು ಮಳೆಗಾಲವನ್ನೂ ಅದರ ಬುಡ ತಾಳಲಿಲ್ಲ.

ಎಂಜಿನಿಯರು ಅಲ್ಲಿಗೆ ಬಂದಿದ್ದರೆ ಮನೆ ಕೆಡವಿ ಎನ್ನುತ್ತಿದ್ದರು. ಆಚಾರಿ ತೊಲೆಗೆ ಕೆಳಗಿನಿಂದ ಜಾಕಿ ಕೊಟ್ಟ. ಕೊಳೆತ ಬುಡವನ್ನು ಕತ್ತರಿಸಿ ತೆಗೆದ. ಉಳಿದ ಕಂಬದ ಕೆಳತುದಿಯನ್ನು ಮೆಟ್ಟಿಲಿನಂತೆ ಕೊರೆದು, ಹೊಸ ಹೊನ್ನೆಯ ತುಂಡಿನ ತಲೆಯನ್ನು ಅದಕ್ಕೆ ಹೊಂದುವಂತೆ ಕೊರೆದು, ಎರಡನ್ನೂ ಕಚ್ಚಿಸಿ, ಅಡ್ಡಲಾಗಿ ಬೆಣೆ ಹೊಡೆದ. ಬುಡದ ಕಲ್ಲನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿದ. ವಾರದೊಳಗೆ ಕಂಬ ತನ್ನ ಭಾರ ಹೊತ್ತುಕೊಂಡು ನಿಂತಿತ್ತು. ಒಟ್ಟು ಖರ್ಚು ಆ ಮನೆಯವರು ನೆಲದ ಟೈಲ್ಸಿಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ. ಹಳೆ ಮನೆ ಮುಗಿಯದ ಖರ್ಚು ಎನ್ನುವವರು ಯಾವ ಖರ್ಚನ್ನು ಲೆಕ್ಕ ಹಿಡಿದಿದ್ದಾರೆ ಎಂದು ಕೇಳಬೇಕು. ಅವರ ಪಟ್ಟಿ ಬಿಡಿಸಿ ನೋಡಿದರೆ ಅದರಲ್ಲಿ ಹೆಚ್ಚಿನದು ಗಿಲಾವು, ಟೈಲ್ಸ್, ಪೇಂಟು, ಪಿಒಪಿ. ಅವು ಮನೆಯ ಖರ್ಚಲ್ಲ, ಮನೆಗೆ ಮಾಡಿದ ಕೇಡಿನ ಖರ್ಚು. ಕಂಬ ಹೋಗಿದೆ ಎಂದು ಯಾರಾದರೂ ಹೇಳಿದರೆ ಯಾವ ಕಂಬ, ಎಷ್ಟು ಇಂಚು ಹೋಗಿದೆ, ಉಳಿ ಹಾಕಿ ತೋರಿಸಿ ಎಂದು ಮನೆಯ ಯಜಮಾನ ಕೇಳಬೇಕು. ಕೇಳುವ ಹಕ್ಕು ಅವನಿಗಿದೆ.

ಇಂಗ್ಲೆಂಡಿನವರು ಇದೇ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತರು. ಕೆಂಟ್, ಸಸೆಕ್ಸ್, ಸಫೋಕ್ ಸೀಮೆಯ ಹಳೆಯ ರೈತಮನೆಗಳೂ ಅಂಕಣದ ಲೆಕ್ಕದವೇ. ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿದ ಗೋಡೆ, ಮೇಲೆ ಸುಣ್ಣ. ಐನೂರು ಆರುನೂರು ವರ್ಷ ನಿಂತ ಇಂಥ ಮನೆಗಳು ಅಲ್ಲಿ ಒಂದೆರಡಲ್ಲ. 20ನೇ ಶತಮಾನದಲ್ಲಿ ಅಲ್ಲಿಯವರೂ ಅವಕ್ಕೆ ಸಿಮೆಂಟು ಬಳಿದರು, ಗಟ್ಟಿಯಾಗಲೆಂದೇ ಬಳಿದರು. ಕೆಲವು ದಶಕಗಳಲ್ಲಿ ಗಿಲಾವಿನ ಹಿಂದೆ ಓಕ್ ತೊಲೆಗಳ ಬುಡ ಕೊಳೆತು ಉದುರತೊಡಗಿತು. ಈಗ ಅಲ್ಲಿ ಹಳೆ ಮನೆ ಕೊಂಡವರ ಮೊದಲ ದೊಡ್ಡ ಕೆಲಸವೇ ಆ ಸಿಮೆಂಟನ್ನು ಕಿತ್ತು ಸುಣ್ಣ ಹಾಕಿಸುವುದು. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಕಟ್ಟಿದ ಸಂಘ ಇವತ್ತಿಗೂ ಇದನ್ನೇ ಹೇಳುತ್ತಿದೆ: ದಿನದಿನದ ಆರೈಕೆ ತಪ್ಪಿಸಬೇಡಿ, ಹೋದದ್ದನ್ನಷ್ಟೇ ತೆಗೆಯಿರಿ, ಉಳಿದದ್ದನ್ನು ಮುಟ್ಟಬೇಡಿ. ಜಪಾನಿನ ಹೋರ್ಯುಜಿ ದೇಗುಲದಲ್ಲಿ ಜಗತ್ತಿನ ಅತಿ ಹಳೆಯ ಮರದ ಕಟ್ಟಡಗಳಿವೆ, 1,300 ವರ್ಷಕ್ಕೆ ಹತ್ತಿರದವು. ಅಲ್ಲಿನ ಬಡಗಿಗಳು ತಲೆಮಾರುಗಳಿಂದ ಮಾಡುತ್ತ ಬಂದದ್ದು ಸಾಗರದ ಆಚಾರಿ ಮಾಡಿದ್ದನ್ನೇ: ಕೊಳೆತ ತುದಿ ಕತ್ತರಿಸು, ಹೊಸದನ್ನು ಕಚ್ಚಿಸು. ಮರದ ಮನೆಯನ್ನು ತುಂಡು ತುಂಡಾಗಿ ರಿಪೇರಿ ಮಾಡಬಹುದು. ಕಾಂಕ್ರೀಟಿನ ಮನೆಗೆ ಆ ಸೌಲಭ್ಯ ಇಲ್ಲ.

ಆರ್‌ಸಿಸಿ ಶಾಶ್ವತ ಎನ್ನುವವರು ಒಮ್ಮೆ ಶಿವಮೊಗ್ಗದಿಂದ ಆಗುಂಬೆಯವರೆಗೆ ಬಸ್ಸಿನಲ್ಲಿ ಕೂತು ಎಡಬಲ ನೋಡಬೇಕು. ತಾರಸಿ ಮನೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕದವರು ಕಡಿಮೆ. ತಾರಸಿ ಸೋರುತ್ತದೆ, ಅದಕ್ಕೇ ಹಾಕುತ್ತಾರೆ. ಅಂದರೆ ಮಲೆನಾಡಿನ ಮಳೆ ಇಳಿಜಾರಿನ ಮಾಡನ್ನೇ ಕೇಳುತ್ತದೆ. ನಾವು ಹಂಚಿನ ಮಾಡು ಕಿತ್ತು ಚಪ್ಪಟೆ ಚಾವಣಿ ಹಾಕಿ, ಅದರ ಮೇಲೆ ಎರಡನೇ ಸಲ ದುಡ್ಡು ಸುರಿದು ಇಳಿಜಾರಿಗೇ ವಾಪಸು ಬಂದಿದ್ದೇವೆ, ಈ ಸಲ ಹಗಲಿಡೀ ಕಾಯುವ, ಮಳೆಯಲ್ಲಿ ಮಾತು ಕೇಳಿಸದ ತಗಡಿನಲ್ಲಿ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತೇವ ತಾಗಿದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಎಂಬತ್ತರ ದಶಕದಲ್ಲಿ ಹಾಕಿಸಿದ ಸ್ಲ್ಯಾಬುಗಳ ಅಡಿಯಿಂದ ಚಕ್ಕೆ ಉದುರಿ ಸರಳು ಕಾಣುವುದನ್ನು ಉಡುಪಿ ಮಂಗಳೂರಿನ ಕಡೆ ಯಾವ ಓಣಿಯಲ್ಲೂ ನೋಡಬಹುದು. ಅಪ್ಪ ಕಟ್ಟಿಸಿದ್ದು ಮಗನ ಕಾಲಕ್ಕೇ ಕೆಡವುವ ಸ್ಥಿತಿಗೆ ಬಂದಿದೆ. ಕೆಡವಿದರೆ ಅದರಲ್ಲಿ ಮತ್ತೆ ಬಳಸುವಂಥದ್ದು ಆ ಸರಳಿನ ಗುಜರಿ ಮಾತ್ರ.

ಮರದ ಚೌಕಟ್ಟು ದುರ್ಬಲ ಎನ್ನುವವರಿಗೆ ಒಂದೇ ಮಾತು. 2005ರ ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಭೂಮಿ ನಡುಗಿದಾಗ ಮರದ ಚೌಕಟ್ಟಿನೊಳಗೆ ಕಲ್ಲು ಮಣ್ಣು ತುಂಬಿದ ಧಜ್ಜಿ ದೀವಾರಿ ಮನೆಗಳು ತೂಗಾಡಿ ನಿಂತವು, ಅವುಗಳ ಪಕ್ಕದ ಸಿಮೆಂಟಿನ ಕಟ್ಟಡಗಳು ಎಷ್ಟೋ ನೆಲಕಚ್ಚಿದವು. ಆಮೇಲೆ ಅಲ್ಲಿ ಮನೆಗಳನ್ನು ಮತ್ತೆ ಕಟ್ಟುವಾಗ ಆ ಹಳೆಯ ಪದ್ಧತಿಗೂ ಮಾನ್ಯತೆ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ನಿಜವಾಗಿ ಉತ್ತರ ಕೊಡಬೇಕಾದ ಪ್ರಶ್ನೆ ಬರುತ್ತದೆ. ಅದನ್ನು ಕೇಳುವವರು ಗುತ್ತಿಗೆದಾರರಲ್ಲ, ಮನೆಯ ಹೆಂಗಸರು. ‘ನೀವು ಜಗುಲಿಯಲ್ಲಿ ಕೂತು ಹಳೆ ಮನೆ ಚೆಂದ ಅಂತೀರಿ. ಒಳಗೆ ಹೊಗೆ ಕುಡಿದವರು ಯಾರು? ಮಳೆಯಲ್ಲಿ ನೆನೆದುಕೊಂಡು ಬಚ್ಚಲಿಗೆ ಹೋದವರು ಯಾರು? ಬಾಣಂತಿ ಕೋಣೆಗೆ ಒಂದು ಕಿಟಕಿಯಾದರೂ ಇತ್ತಾ?’ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹಳೆಯ ಮನೆಯನ್ನು ಹೊಗಳಿ ಬರೆದವರಲ್ಲಿ ಹೆಚ್ಚಿನವರು ಅಡಿಗೆಮನೆಯಲ್ಲಿ ಅರ್ಧ ದಿನ ಕಳೆದವರಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಕಹಿ. ಆ ದೊಡ್ಡ ತೊಲೆಗಳನ್ನು ಕಾಡಿನಿಂದ ಎಳೆದು ತಂದವರು, ಮಣ್ಣು ತುಳಿದು ಗೋಡೆ ಎಬ್ಬಿಸಿದವರು ಅಂಗಳದಿಂದ ಈಚೆ ಬರುವ ಹಾಗಿರಲಿಲ್ಲ. ಅಂಥ ಮನೆ ಬಿದ್ದರೆ ಬೀಳಲಿ ಎನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಸಿಟ್ಟಿಗೆ ಕಾರಣವೂ ಇದೆ.

ಆದರೆ ಮನೆ ಕೆಡವಿದರೆ ಅಂಗಳದ ಗೆರೆ ಅಳಿಯುವುದಿಲ್ಲ. ಆರ್‌ಸಿಸಿ ಮನೆಯ ಸಿಟೌಟಿನಲ್ಲಿಯೂ ಯಾರು ಎಲ್ಲಿಯವರೆಗೆ ಎಂಬ ಲೆಕ್ಕ ನಡೆಯುತ್ತಲೇ ಇದೆ. ಕೆಡವಿದಾಗ ಅಳಿಯುವುದು ಆ ಕೆಲಸಗಾರರ ಕೈಯ ಗುರುತು. ಮಣ್ಣು ಹದ ಮಾಡಿದವರ, ಮರ ಕೊರೆದವರ ಮೊಮ್ಮಕ್ಕಳು ನಡುಮನೆಗೆ ಬಂದು ಕೂರುವಂತಾಗಬೇಕು, ಅದನ್ನು ರಿಪೇರಿ ಮಾಡುವಾಗ ಕೇಳಿದ ಕೂಲಿ ಪಡೆಯುವಂತಾಗಬೇಕು. ಆ ಬದಲಾವಣೆಯನ್ನು ಮನುಷ್ಯರೇ ಮಾಡಿಕೊಳ್ಳಬೇಕು, ಜೆಸಿಬಿ ಮಾಡಿಕೊಡುವುದಿಲ್ಲ.

ಹೆಂಗಸರ ಪ್ರಶ್ನೆಗೆ ಉತ್ತರ ಆ ಮನೆಯ ಕಟ್ಟಣೆಯಲ್ಲೇ ಇದೆ. ಈ ಮನೆಗಳು ಯಾವತ್ತೂ ಒಂದೇ ಸ್ಥಿತಿಯಲ್ಲಿ ನಿಂತವಲ್ಲ. ಸೋಗೆಯ ಮಾಡು ಹೋಗಿ ಹಂಚು ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಹಂಚನ್ನು ನಾವೀಗ ನಮ್ಮ ಪರಂಪರೆ ಎನ್ನುತ್ತೇವೆ. ಮಗನ ಮದುವೆಯಾದರೆ ಪಕ್ಕಕ್ಕೆ ಒಂದಂಕಣ ಏರಿಸುತ್ತಿದ್ದರು. ಭತ್ತ ಹೆಚ್ಚಾದರೆ ಮಾಡನ್ನು ಇನ್ನೂ ಕೆಳಕ್ಕೆ ಇಳಿಸಿ ಕೈಸಾಲೆ ಮಾಡುತ್ತಿದ್ದರು. ಮರದ ಚೌಕಟ್ಟಿನ ಮನೆಯನ್ನು ಬೆಳೆಸುವುದು ಸುಲಭ, ಅದನ್ನು ಬೆಳೆಯಲೆಂದೇ ಕಟ್ಟಿದ್ದು. ಹಾಗಾಗಿ ಹಳೆ ಮನೆಯನ್ನು ಮುಟ್ಟಬಾರದು, ಇದ್ದ ಹಾಗೇ ಇಡಬೇಕು ಎನ್ನುವ ಮಡಿವಂತರ ಜೊತೆಗೂ ನನ್ನ ಜಗಳ ಇದೆ. ಮನೆಯ ಹೆಂಗಸರಿಗೆ ಬೆಳಕಿನ ಅಡಿಗೆಮನೆ ಬೇಕು, ಒಳಗಿನಿಂದಲೇ ಹೋಗುವ ಬಚ್ಚಲು, ಕಕ್ಕಸು ಬೇಕು. ಕೊಡಲೇಬೇಕು. ಪ್ರಶ್ನೆ ಹೇಗೆ ಎಂಬುದು.

ಈಗ ಮಾಡುತ್ತಿರುವುದು ಹೀಗೆ. ಹಿಂಗೋಡೆಗೆ ತಾಗಿಸಿ ಸಿಮೆಂಟಿನ ಇಟ್ಟಿಗೆ ಗೋಡೆ ಎಬ್ಬಿಸಿ, ಹಳೆಯ ಸೂರನ್ನು ಗರಗಸದಿಂದ ಕೊಯ್ದು, ಅದರ ಅಡಿಗೆ ಸ್ಲ್ಯಾಬು ತೂರಿಸುತ್ತಾರೆ. ಹಂಚಿನಿಂದ ಇಳಿದ ನೀರೆಲ್ಲ ಆ ಸ್ಲ್ಯಾಬಿನ ಅಂಚಿಗೆ ಬಂದು ಬೀಳುತ್ತದೆ. ಅಲ್ಲೊಂದು ಸಿಮೆಂಟಿನ ಕಾಲುವೆ ಮಾಡಿರುತ್ತಾರೆ. ಜುಲೈ ತಿಂಗಳಲ್ಲಿ ಏಣಿ ಇಟ್ಟು ಆ ಸಂದಿಗೆ ಕೈ ಹಾಕಿ ನೋಡಬೇಕು: ಹಲಸಿನ ಎಲೆ, ಪಾಚಿ, ಒಡೆದ ಹಂಚಿನ ಚೂರು, ಮೊಣಕೈ ಮುಳುಗುವಷ್ಟು ನೀರು. ಆ ನೀರು ನಿಂತಿರುವುದು ಗೋಡೆಯ ತಲೆಯ ಮೇಲೆ ಮಲಗಿಸಿದ ಮರಕ್ಕೆ ಒತ್ತಿಕೊಂಡು, ಪಕಾಸುಗಳ ಪಾದ ಊರಿರುವ ಜಾಗದಲ್ಲಿ. ಅಲ್ಲಿ ಮರ ಹೋದರೆ ಇಡೀ ಮಾಡು ಕೂರುತ್ತದೆ. ಆಗ ‘ಹಳೇ ಮರ ಅಲ್ಲವಾ, ಹೋಯ್ತು’ ಎನ್ನುತ್ತಾರೆ. ಹೋದದ್ದು ಸ್ಲ್ಯಾಬಿನಿಂದ. ಜೊತೆಗೆ ಬಚ್ಚಲಿನ ಪೈಪುಗಳನ್ನು ಮಣ್ಣಿನ ಗೋಡೆಯೊಳಗೇ ಕೊರೆದು ಹುಗಿಯುತ್ತಾರೆ. ಒಂದು ಜಾಯಿಂಟು ಸಣ್ಣಗೆ ಜಿನುಗಿದರೂ ಸಾಕು, ಹೊರಗೆ ಗುರುತು ಕಾಣುವ ಹೊತ್ತಿಗೆ ಗೋಡೆ ಒಳಗೆ ಅಂಬಲಿಯಾಗಿರುತ್ತದೆ.

ಸರಿಯಾದ ದಾರಿ ಕಷ್ಟದ್ದಲ್ಲ. ಹೊಸ ಕಟ್ಟಡ ಹಳೆಯದರ ಮೈಗೆ ಅಂಟಬಾರದು. ನಡುವೆ ನಾಲ್ಕಡಿಯ ಒಂದು ನಡೆ ಬಿಟ್ಟು, ಅದಕ್ಕೆ ತನ್ನದೇ ಹಗುರ ಮಾಡು ಹಾಕಿ, ಆಚೆಗೆ ಹೊಸ ಅಡಿಗೆಮನೆ, ಬಚ್ಚಲು, ಕಕ್ಕಸು ಕಟ್ಟಬೇಕು. ನೀರಿನ ಕೆಲಸವೆಲ್ಲ ಹೊಸದರಲ್ಲಿ, ಒಣ ಕೋಣೆಗಳೆಲ್ಲ ಹಳೆಯದರಲ್ಲಿ. ಹೊಸದರ ಪಂಚಾಂಗ ಬೇರೆ, ಅದರ ನೆಲ ಹಳೆಯದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅದರ ಮಾಡೂ ಹಳೆಯ ಸೂರಿನ ಕೆಳಗೆ. ಆಗ ಎರಡು ಮಾಡಿನ ನೀರೂ ಅಂಗಳಕ್ಕೇ ಬೀಳುತ್ತದೆ, ನಡುವೆ ನಿಲ್ಲುವುದಿಲ್ಲ. ಹೊಸದು ಹೊಸದಾಗಿಯೇ ಕಾಣಲಿ, ಹಳೆ ಕಂಬದ ನಕಲು ಮಾಡಿಸುವುದೇನೂ ಬೇಕಿಲ್ಲ. ಅಲ್ಲಿ ಸಿಮೆಂಟು ಬಳಸಿದರೂ ನನ್ನ ತಕರಾರಿಲ್ಲ, ಹಳೆಯ ಗೋಡೆಗೆ ಮುಟ್ಟಿಸದಿದ್ದರೆ ಸಾಕು. ಹಳೆ ಮನೆಯ ಕತ್ತಲೆಗೆ ಗೋಡೆ ಒಡೆಯಬೇಕಾಗಿಲ್ಲ, ಸಾಲಿಗೆ ಎರಡು ಮೂರು ಗಾಜಿನ ಹಂಚು ಕೂರಿಸಿದರೆ ನಡುಮನೆಯಲ್ಲಿ ಪೇಪರು ಓದಬಹುದು. ಒಲೆ ಹೋಗಿ ಗ್ಯಾಸು ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಮಾಡುತ್ತಿದ್ದ ಒಣಗಿಸುವ ಕೆಲಸಕ್ಕೆ ಬದಲಿ ಬೇಕು: ಎರಡೂ ತುದಿಯ ಗೋಡೆಗಳ ನೆತ್ತಿಯಲ್ಲಿ ಗಾಳಿಕಿಂಡಿ ಬಿಡಬೇಕು, ಪಿಒಪಿ ಚಾವಣಿ ಹಾಕಿ ಅಟ್ಟವನ್ನು ಮುಚ್ಚಬಾರದು. ಮುಂಗಾರಿಗೆ ಮೊದಲು ಹಂಚು ಕೈಯಾಡಿಸುವುದನ್ನು ಬಿಡಬಾರದು. ಒಂದು ಒಡೆದ ಹಂಚಿನ ಅಸಡ್ಡೆ ಎರಡು ಮಳೆಗಾಲದಲ್ಲಿ ಒಂದು ಪಕಾಸನ್ನು ತಿನ್ನುತ್ತದೆ, ನಾಲ್ಕರಲ್ಲಿ ತೊಲೆಯನ್ನು.

ದೊಡ್ಡ ಮನೆಗಳ ಕತೆ ಸ್ವಲ್ಪ ಬೇರೆ. 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭತ್ತ ನಿಂತಾಗ ಹತ್ತಾರು ಆಳುಗಳ ಬಲದಲ್ಲಿ ನಡೆಯುತ್ತಿದ್ದ ಮನೆಗಳ ಆರೈಕೆಯೂ ನಿಂತಿತು. ಉಳುವವನಿಗೆ ಭೂಮಿ ಬಂದದ್ದು ನ್ಯಾಯ, ಅದಕ್ಕೆ ಮರುಗುವ ಪ್ರಶ್ನೆಯೇ ಇಲ್ಲ. ಆಮೇಲೆ ಮನೆಯೂ ಪಾಲಾಯಿತು. ತೊಟ್ಟಿಯ ನಡುವೆ ಗೋಡೆ ಎದ್ದು, ಒಬ್ಬರು ತಮ್ಮ ಪಾಲನ್ನು ಕೆಡವಲು ಹೊರಟು ಇಬ್ಬರಿಗೂ ಸೇರಿದ ತೊಲೆಯನ್ನು ಗಡಿಗೆರೆಯಲ್ಲಿ ಕೊಯ್ದದ್ದನ್ನು ಬಲ್ಲೆ. ಉಳಿದವರ ಮಾಡು ಆ ವರ್ಷವೇ ವಾಲಿತು. ಇಂಥ ಮನೆಗಳನ್ನು ಕಾಪಾಡಲು ವಿಜಯನಾಥ ಶೆಣೈ ಮಣಿಪಾಲದಲ್ಲಿ ಒಂಟಿಯಾಗಿ ಹೊರಟರು. ಕೆಡವಲು ಇಟ್ಟ ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಎಬ್ಬಿಸಿದರು. ಅವರ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರ ಕೆಲಸವನ್ನು ತೋರಿಸಿ, ‘ಅಲ್ಲಿ ಉಳಿದಿದೆಯಲ್ಲ, ಇಲ್ಲಿ ಕೆಡವಿದರೇನು’ ಎನ್ನುವವರ ಮಾತನ್ನು ಒಪ್ಪಲಾರೆ. ಅಲ್ಲಿಗೆ ಹೋದದ್ದು ಬೇರೆ ದಾರಿಯೇ ಇಲ್ಲದ ಮನೆಗಳು. ನಮ್ಮ ಐದಂಕಣದ ಮನೆಯಲ್ಲಿ ಇವತ್ತು ಬೆಳಿಗ್ಗೆ ಕಾಫಿ ಕಾಸಿದ್ದಾರೆ.

ಸರಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. ಮನೆಗಣತಿಯ ಕಾಗದದಲ್ಲಿ ಮಣ್ಣಿನ ಗೋಡೆ ಅಂದರೆ ಕಚ್ಚಾ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಿಂದ ಕಚ್ಚಾ ಮನೆಯವರಿಗೆ ಪಕ್ಕಾ ಮನೆ ಕೊಡಲು ನಡೆಯುತ್ತಿದೆ. ಸೂರಿಲ್ಲದವರಿಗೆ ಸೂರು ಸಿಗುವುದು ಬೇಕೇ ಬೇಕು. ಆದರೆ ಕಂಬ ತೊಲೆ ಎಲ್ಲ ನೆಟ್ಟಗಿರುವ, ಗೋಡೆ ಮಾತ್ರ ಮಣ್ಣಿನದಾದ ಬಡವನ ಮನೆಗೆ ರಿಪೇರಿಯ ನೆರವು ಸಿಕ್ಕಿದರೆ ಸಾಕಿತ್ತು. ಅವನಿಗೆ ಹೊಸ ಸಿಮೆಂಟಿನ ಕೋಣೆ ಕಟ್ಟು, ಇಲ್ಲವಾದರೆ ಸುಮ್ಮನಿರು ಎಂಬ ಆಯ್ಕೆಯಷ್ಟೇ ಉಳಿಯುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಉತ್ತರ ಕರ್ನಾಟಕದ ಹೊಳೆದಂಡೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದನ್ನು ಎತ್ತಿ ತೋರಿಸುವವರಿದ್ದಾರೆ. ಹೌದು, ದಿನಗಟ್ಟಲೆ ನಿಂತ ನೀರಿನಲ್ಲಿ ಮಣ್ಣಿನ ಗೋಡೆ ಉಳಿಯುವುದಿಲ್ಲ. ಅದು ನೆರೆ ಬರುವ ಜಾಗದಲ್ಲಿ ಏನು ಕಟ್ಟಬೇಕು ಎಂಬುದಕ್ಕೆ ಉತ್ತರ. ಗುಡ್ಡದ ಓರೆಯಲ್ಲಿ, ಕಲ್ಲಿನ ಪಂಚಾಂಗದ ಮೇಲೆ, ಮೂರಡಿಯ ಸೂರಿನ ಕೆಳಗೆ ನಿಂತ ಮನೆಗೂ ಅದೇ ತೀರ್ಪು ಕೊಡುವುದು ಅನ್ಯಾಯ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸರಳು ಕಾಂಕ್ರೀಟು ಕಲಿಸುವುದಕ್ಕೆ ಸೆಮಿಸ್ಟರುಗಳೇ ಇವೆ. ಮಣ್ಣಿನ ಗೋಡೆಯ ತೇವ, ಮರದ ಕೂಡಿಕೆ, ಸುಣ್ಣದ ಗಾರೆಗೆ ಸಿಗುವುದು ತೀರ ಸ್ವಲ್ಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿನ ಇಟ್ಟಿಗೆಯ ಬಗ್ಗೆ ದಶಕಗಳ ಕಾಲ ದುಡಿಯಿತು, ವಿದ್ಯೆ ಇಲ್ಲೇ ಇದೆ. ಅದು ಹಳೆ ಮನೆಯ ಬಾಗಿಲಿಗೆ ಬರಲಿಲ್ಲ, ಅಷ್ಟೇ.

ಎಲ್ಲಕ್ಕಿಂತ ತುರ್ತಾದದ್ದು ಆಚಾರಿಯ ಮಾತು. ಸಾಗರದ ಆ ಕಂಬಕ್ಕೆ ಬುಡ ಕಟ್ಟಿದ ಆಚಾರಿಗೆ ಅರವತ್ತು ದಾಟಿದೆ. ಮಗ ಶಿವಮೊಗ್ಗದಲ್ಲಿ ಪ್ಲೈವುಡ್ಡಿನ ಅಡಿಗೆಮನೆ ಕೂರಿಸುತ್ತಾನೆ. ಅವನಿಗೆ ಬಾಚಿ ಹಿಡಿಯಲು ಬರುವುದಿಲ್ಲ ಎಂದಲ್ಲ, ಬಾಚಿ ಹಿಡಿದರೆ ವರ್ಷಕ್ಕೆ ಎಷ್ಟು ದಿನ ಕೆಲಸ ಸಿಗುತ್ತದೆ ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಒಂದೊಂದು ಊರಿನಲ್ಲಿ ಹತ್ತು ಹಳೆ ಮನೆಯವರು ಸೇರಿ, ಅಡಿಕೆ ಕೊಯ್ಲು ಮುಗಿದ ಮೇಲೆ ಮುಂಗಾರಿನವರೆಗೆ ಒಬ್ಬರಾದ ಮೇಲೆ ಒಬ್ಬರು ಕೆಲಸ ಕೊಡುತ್ತೇವೆ ಎಂದು ಮಾತು ಕೊಟ್ಟರೆ ಆ ಮಗ ನಾಲ್ಕು ತಿಂಗಳು ಅಪ್ಪನ ಜೊತೆ ನಿಲ್ಲುತ್ತಾನೆ. ಮೊದಲ ವರ್ಷ ಹಂಚು, ರೀಪು, ಸೂರು. ಎರಡನೆಯ ವರ್ಷ ಕಂಬದ ಬುಡ, ಗೋಡೆಯ ಸಿಮೆಂಟು ಕೀಳುವುದು, ಸುಣ್ಣ. ಬಚ್ಚಲು, ಅಡಿಗೆಮನೆಯ ಸೇರ್ಪಡೆ ಅದರ ಜೊತೆಗೇ ಆಗಲಿ, ಹೆಂಗಸರು ಇನ್ನೂ ಕಾಯುವುದು ಬೇಡ. ಕೂಲಿ ಮಾತ್ರ ಪ್ಲೈವುಡ್ಡಿನವನಿಗೆ ಕೊಡುವುದಕ್ಕಿಂತ ಕಡಿಮೆ ಇರಬಾರದು, ಜಾಸ್ತಿಯೇ ಇರಬೇಕು.